ಹೋಟೆಲ್ ವಿಮರ್ಶೆಯಲ್ಲಿ ಗದ್ದಲದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾರದ ಪುರವಣಿಯಲ್ಲಿ ಬರುವ ಹೋಟೆಲ್, ಕೆಫೆಗಳ ವಿಮರ್ಶೆಯನ್ನು ನಾನು ತಪ್ಪದೆ ಓದುತ್ತೇನೆ. ಸೂಪ್ ಬಿಸಿಯಾಗಿತ್ತಾ, ಕೇಕ್ ಮೆತ್ತಗಿತ್ತಾ, ಗೋಡೆಗೆ ಯಾವ ಬಣ್ಣ, ಗಾಡಿ ನಿಲ್ಲಿಸಲು ಜಾಗ ಇದೆಯಾ, ಎಲ್ಲವನ್ನೂ ಬರೆಯುತ್ತೀರಿ. ಒಂದು ವಿಷಯ ಮಾತ್ರ ಬಿಟ್ಟೇ ಹೋಗುತ್ತದೆ. ಅಲ್ಲಿ ಕೂತರೆ ಎದುರಿಗಿರುವವರ ಮಾತು ಕೇಳಿಸುತ್ತದಾ? ನಾಲ್ಕೈದು ಜನ ಸ್ನೇಹಿತರು ಸೇರಿ ಹೋಗುವವರಿಗೆ ಮೊದಲು ಬೇಕಾದ ಮಾಹಿತಿ ಅದು. ತಿಂಡಿ ಸುಮಾರಾಗಿದ್ದರೂ ನಡೆಯುತ್ತದೆ. ಮಾತು ಕೇಳದಿದ್ದರೆ ಅಲ್ಲಿಗೆ ಹೋಗಿದ್ದಾದರೂ ಯಾಕೆ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಾವು ಐವರು ಗೆಳತಿಯರು, ಕಾಲೇಜಿನ ಕಾಲದಿಂದಲೂ ಜೊತೆಗಿದ್ದೇವೆ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಒಬ್ಬಳು ನರ್ಸ್, ಒಬ್ಬಳಿಗೆ ಸ್ವಂತ ಟೈಲರಿಂಗ್ ಅಂಗಡಿ, ಇನ್ನೊಬ್ಬಳು ಲೆಕ್ಕಪತ್ರ ಬರೆಯುತ್ತಾಳೆ. ಎಲ್ಲರಿಗೂ ಐವತ್ತರ ಆಚೀಚೆ. ನಾವು ಸೇರುವುದು ಹೊರಗೆ, ಊಟಕ್ಕೋ ಐಸ್‌ಕ್ರೀಮಿಗೋ. ಮನೆಯಲ್ಲಿ ಸೇರಿದರೆ ಏನಾಗುತ್ತದೆ ಅಂತ ಹೆಂಗಸರಿಗೆಲ್ಲ ಗೊತ್ತು. ಯಾರ ಮನೆಯೋ ಅವಳು ಅಡುಗೆಮನೆಯಲ್ಲೇ ಉಳಿಯುತ್ತಾಳೆ. ಮಾತಿನ ಮಧ್ಯೆ ಕುಕ್ಕರ್ ಕೂಗುತ್ತದೆ, ಎದ್ದು ಹೋಗುತ್ತಾಳೆ. ಅವಳು ವಾಪಸ್ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹೊರಗೆ ಹೋದರೆ ಐದು ಜನವೂ ಕೂತೇ ಇರುತ್ತೇವೆ. ನಾವು ದುಡ್ಡು ಕೊಡುವುದು ಅದಕ್ಕೆ. ಬ್ರೌನಿ ನೆಪ ಅಷ್ಟೇ.

ಈಗೀಗ ಆ ಕೂತು ಮಾತಾಡುವ ಕೆಲಸವೇ ಆಗುತ್ತಿಲ್ಲ.

ಮೊನ್ನೆ ಒಂದು ಡೆಸರ್ಟ್ ಕೆಫೆಯಲ್ಲಿ ಫೋನಿನಲ್ಲಿ ಶಬ್ದ ಅಳೆದೆ. ಅದಕ್ಕೆ ಆ್ಯಪ್‌ಗಳಿವೆ. ಅಮೆರಿಕದಲ್ಲಿ ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ನಿಯಾಶ್ ಎಂಬ ಸರ್ಕಾರಿ ಸಂಸ್ಥೆಯೇ ಐಫೋನಿಗೆ ಒಂದನ್ನು ಪುಕ್ಕಟೆ ಕೊಟ್ಟಿದೆ. ನಮ್ಮ ಟೇಬಲ್ ಮೇಲೆ ಅಂಕಿ 84, 86 ಅಂತ ಕುಣಿಯುತ್ತಿತ್ತು. ಫೋನಿನ ಅಳತೆ ಲ್ಯಾಬಿನ ಅಳತೆಯಲ್ಲ, ಒಪ್ಪುತ್ತೇನೆ. ಒಂದೆರಡು ಡೆಸಿಬೆಲ್ ಆಚೀಚೆ ಇರಬಹುದು. ಆದರೂ ಹೋಲಿಸಿ ನೋಡಿ. ಒಂದು ಮೀಟರ್ ದೂರದಲ್ಲಿ ಕೂತು ಸಹಜವಾಗಿ ಮಾತಾಡಿದರೆ ಸುಮಾರು 60 ಡೆಸಿಬೆಲ್. 84 ಅಂದರೆ ಅದರ ಒಂದೂವರೆ ಪಟ್ಟೂ ಆಗಲಿಲ್ಲವಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಡೆಸಿಬೆಲ್ ಹಾಗೆ ಕೂಡಿ ಕಳೆಯುವ ಲೆಕ್ಕವಲ್ಲ. ಪ್ರತಿ 10 ಡೆಸಿಬೆಲ್ ಏರಿದಾಗ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. 60ರಿಂದ 80ಕ್ಕೆ ನೂರು ಪಟ್ಟು. 84ಕ್ಕೆ ಇನ್ನೂರೈವತ್ತು ಪಟ್ಟು. ಅಂಥ ಕಡೆ ನನ್ನ ಗೆಳತಿ ತನ್ನ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತು ಅಂತ ಹೇಳಬೇಕು!

ಎಲ್ಲ ತಪ್ಪೂ ಸ್ಪೀಕರಿನದ್ದಲ್ಲ. ಅರ್ಧ ಗದ್ದಲ ನಾವೇ ಮಾಡುವುದು. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ಕಿವಿ ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಬರೆದಿಟ್ಟರು. ಕಿವಿಗೆ ಜೋರು ಶಬ್ದ ಕೊಟ್ಟರೆ ರೋಗಿಯ ದನಿ ತಾನಾಗಿ ಏರುತ್ತಿತ್ತು. ಶಬ್ದ ನಿಲ್ಲಿಸಿದ ಕೂಡಲೇ ಇಳಿಯುತ್ತಿತ್ತು. ದನಿ ಏರಿಸಿದ್ದು ರೋಗಿಗೆ ಗೊತ್ತೇ ಆಗುತ್ತಿರಲಿಲ್ಲ. ಇವತ್ತಿಗೂ ಅದಕ್ಕೆ ಅವರದೇ ಹೆಸರಿದೆ. ಹಕ್ಕಿಗಳೂ ಹೀಗೇ ಮಾಡುತ್ತವೆ. ಈಗ ಹೋಟೆಲಿನ ಲೆಕ್ಕ ಹಾಕಿ. ಹಾಡು ಸ್ವಲ್ಪ ಜೋರಾಗಿದೆ. ಒಂದು ಟೇಬಲ್ಲಿನವರು ದನಿ ಏರಿಸುತ್ತಾರೆ. ಅದನ್ನು ಮೀರಲು ಪಕ್ಕದ ಟೇಬಲ್. ಜನ ಕೂಗುತ್ತಿದ್ದಾರೆ, ಹಾಡು ಕೇಳುತ್ತಿಲ್ಲ ಅಂತ ಕೌಂಟರಿನಲ್ಲಿದ್ದವರು ವಾಲ್ಯೂಮ್ ಏರಿಸುತ್ತಾರೆ. ಈ ಕೊನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗ ನಮ್ಮ ಕಡೆ ನೋಡಿ ನಕ್ಕ, ಗುಂಡಿ ತಿರುಗಿಸಿದ. ನಮಗೆ ಉಪಕಾರ ಮಾಡಿದೆ ಅಂದುಕೊಂಡಿರಬೇಕು, ಪಾಪ.

ಕ್ಲಾಸಿನಲ್ಲೂ ನಡೆಯುವುದು ಇದೇ. ನಾನು ಕೂಗಿದಷ್ಟೂ ಮಕ್ಕಳು ಕೂಗುತ್ತಾರೆ. ಹೊಸದಾಗಿ ಸೇರಿದ ಟೀಚರ್‌ಗಳಿಗೆ ಇದು ತಿಳಿಯಲು ಒಂದು ವರ್ಷ ಬೇಕು, ಅಷ್ಟರಲ್ಲಿ ಅವರ ಗಂಟಲು ಕೆಟ್ಟಿರುತ್ತದೆ. ದನಿ ತಗ್ಗಿಸಿದರೆ ಕ್ಲಾಸೂ ತಗ್ಗುತ್ತದೆ. ಹೋಟೆಲಿನಲ್ಲಿ ದನಿ ತಗ್ಗಿಸುವ ಕೆಲಸ ಶುರುವಾಗಬೇಕಾದದ್ದು ಸ್ಪೀಕರಿನಿಂದ. ಅಲ್ಲಿ ಬಾಯಿ ಮುಚ್ಚಿಸಲು ಸುಲಭವಾಗಿ ಸಿಗುವುದು ಅದೊಂದೇ.

ಆಮೇಲೆ ಗೋಡೆ, ನೆಲ, ಚಾವಣಿ. ಈಗಿನ ಕೆಫೆಗಳು ನೋಡಲು ಚೆಂದ. ಬರೀ ಕಾಂಕ್ರೀಟ್ ನೆಲ, ಉದ್ದಕ್ಕೂ ಗಾಜು, ತಗಡಿನ ಕುರ್ಚಿ, ಪೈಪುಗಳೆಲ್ಲ ಕಾಣುವ ಚಾವಣಿ, ಎದುರಿಗೇ ಅಡುಗೆಮನೆ. ಪರದೆ ಇಲ್ಲ, ಜಮಖಾನೆ ಇಲ್ಲ, ಟೇಬಲ್ಲಿಗೆ ಬಟ್ಟೆ ಇಲ್ಲ. ಒರೆಸಲು ಸುಲಭ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಕಾಂಕ್ರೀಟು ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲು ಹೀರಿದರೆ ಹೆಚ್ಚು. ಮಿಕ್ಕಿದ್ದೆಲ್ಲ ವಾಪಸ್ ರೂಮಿಗೇ ಬರುತ್ತದೆ. ನೆರಿಗೆ ಬಿಟ್ಟ ದಪ್ಪ ಪರದೆಯಾದರೆ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ.

ಇದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದ್ದು ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಅಂತ ಹೇಳಲು ನನಗೆ ಸ್ವಲ್ಪ ಹೆಮ್ಮೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದೊಂದು ಉಪನ್ಯಾಸ ಸಭಾಂಗಣ ಕಟ್ಟಿಸಿ ಕಂಗಾಲಾಗಿತ್ತು. ಫಾಗ್ ಕಲಾ ಮ್ಯೂಸಿಯಮ್ಮಿನದು ಅದು. ಅಲ್ಲಿ ಒಂದು ಮಾತು ಆಡಿದರೆ ಐದು ಸೆಕೆಂಡಿಗೂ ಜಾಸ್ತಿ ಹೊತ್ತು ರೂಮಿನಲ್ಲೇ ಸುತ್ತುತ್ತಿತ್ತು. ಮೊದಲ ಮಾತು ಸಾಯುವ ಮೊದಲೇ ಹತ್ತು ಹನ್ನೆರಡು ಮಾತು ಬಂದು ಮೇಲೆ ಬೀಳುತ್ತಿದ್ದವು. ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಸರಿಮಾಡಿ ಅಂತ ವ್ಯಾಲೆಸ್ ಸೇಬಿನ್ ಎಂಬ ಯುವ ಅಧ್ಯಾಪಕರಿಗೆ ಹೇಳಿದರು. ಅವರು ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿದರು. ಒಂದಿಷ್ಟು ಇಟ್ಟು ಆರ್ಗನ್ ಪೈಪು ಊದಿಸಿ, ಶಬ್ದ ಸಾಯಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರು. ಇನ್ನಷ್ಟು ಇಟ್ಟು ಮತ್ತೆ ಅಳೆದರು. ಬೆಳಗಾಗುವ ಮೊದಲು ಮೆತ್ತೆಗಳು ಥಿಯೇಟರಿಗೆ ವಾಪಸ್. ಹೀಗೆ ಸಿಕ್ಕ ಸೂತ್ರವನ್ನೇ ಇವತ್ತಿಗೂ ಕಟ್ಟಡದವರು ಬಳಸುತ್ತಾರೆ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಅದೇ ಲೆಕ್ಕದ ಮೇಲೆ ಎದ್ದಿದ್ದು. ನೂರಿಪ್ಪತ್ತೈದು ವರ್ಷದ ಹಿಂದೆ ಮೆತ್ತೆ ಇಟ್ಟು ಬಗೆಹರಿಸಿದ ಸಮಸ್ಯೆಯನ್ನು ನಾವು ಈಗ ಮೆತ್ತೆ ತೆಗೆದು ವಾಪಸ್ ತಂದುಕೊಂಡಿದ್ದೇವೆ.

ಹೋಟೆಲ್ ಒಡೆಯರು ಹೆದರಬೇಕಿಲ್ಲ. ಗೋಡೆ ಒಡೆಯಿರಿ ಅಂತ ಯಾರೂ ಹೇಳುತ್ತಿಲ್ಲ. ಟೇಬಲ್ಲಿನ ಅಡಿಗೆ, ಕುರ್ಚಿಯ ಅಡಿಗೆ ಫೆಲ್ಟ್ ಎಂಬ ದಪ್ಪ ಮೆತ್ತನೆಯ ಬಟ್ಟೆ ಅಂಟಿಸಬಹುದು. ಯಾರ ಕಣ್ಣಿಗೂ ಬೀಳುವುದಿಲ್ಲ, ಒರೆಸುವ ತೊಂದರೆಯೂ ಇಲ್ಲ. ಕುರ್ಚಿ ಎಳೆದಾಗ ಬರುವ ಆ ಹಲ್ಲು ಜುಮ್ಮೆನ್ನುವ ಕಿರ್ರ್ ಸದ್ದು ಅಷ್ಟಕ್ಕೇ ಹೋಗುತ್ತದೆ. ಚಾವಣಿಗೆ ಶಬ್ದ ಹೀರುವ ಹಲಗೆ, ಒಂದು ಗೋಡೆಗೆ ಪರದೆ. ನಮ್ಮ ಟೈಲರ್ ಗೆಳತಿ ಒಂದು ಕೆಫೆಯ ಗಾಜಿನ ಗೋಡೆ ನೋಡಿ ಎಷ್ಟು ಮೀಟರ್ ಬಟ್ಟೆ ಬೇಕಾಗುತ್ತದೆ ಅಂತ ಕೂತಲ್ಲೇ ಲೆಕ್ಕ ಹಾಕಿ, ನಾನೇ ಹೊಲಿದುಕೊಡುತ್ತೇನೆ ಅಂದಳು. ಅಂದಿದ್ದು ಮ್ಯಾನೇಜರಿಗೆ ಕೇಳಿಸಲಿಲ್ಲ, ಅದು ಬೇರೆ ಮಾತು.

ಅದೇ ಮೊನ್ನೆಯ ಕೆಫೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ನರ್ಸ್ ಗೆಳತಿ ವೆನಿಲಾ ಐಸ್‌ಕ್ರೀಮ್ ಹೇಳಿದ್ದಳು. ಹುಡುಗ ಬಂದು, ಪುಟ್ಟ ಜಗ್ಗಿನಿಂದ ಬಿಸಿ ಚಾಕೊಲೇಟ್ ಸಾಸನ್ನು ಟೇಬಲ್ಲಿನಲ್ಲೇ ಸುರಿಯತೊಡಗಿದ. ಸಕ್ಕರೆ ವಿಷಯದಲ್ಲಿ ಇವಳು ಜಾಗ್ರತೆ. ಎರಡು ಸುತ್ತು ಬಿದ್ದಿತೋ ಇಲ್ಲವೋ, "ಸಾಕಪ್ಪಾ, ಸಾಕು" ಅಂದಳು. ಹುಡುಗ ಇನ್ನೂ ಸುರಿದ. ಇವಳು ಜೋರಾಗಿ "ಸಾಕಪ್ಪಾ ಸಾಕು" ಅಂದಷ್ಟೂ ಅವನು ಇನ್ನೂ ಖುಷಿಯಾಗಿ ಸುರಿದ. ಐಸ್‌ಕ್ರೀಮ್ ಮುಳುಗಿತು. ಸಾಸ್ ಬಟ್ಟಲಿನ ಅಂಚು ದಾಟಿ ತಟ್ಟೆಗೆ, ತಟ್ಟೆಯಿಂದ ಟಿಶ್ಯೂ ಮೇಲೆ. ಕೊನೆಗೆ ಅವಳು ಅವನ ಕೈಯನ್ನೇ ಹಿಡಿದಳು. ಪಾಪ, ಅವನಿಗೆ ಕೇಳಿಸಿದ್ದು "ಹಾಕಪ್ಪಾ, ಹಾಕು".

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಸರಿ. ಆದರೆ ಆ ಹುಡುಗನ ಕಿವಿಯಲ್ಲಿ ಏನೂ ದೋಷವಿರಲಿಲ್ಲ. ಮಾತಿನಲ್ಲಿ ಸ್ವರಗಳಿಗೆ ಬಲ ಜಾಸ್ತಿ. 'ಆ', 'ಉ' ದೂರಕ್ಕೂ ಕೇಳುತ್ತವೆ. ಅವುಗಳ ಶಕ್ತಿಯಲ್ಲಿ ಹೆಚ್ಚಿನ ಪಾಲು ಸಾವಿರ ಹರ್ಟ್ಸಿನ (ಅಂದರೆ ಸೆಕೆಂಡಿಗೆ ಸಾವಿರ ಕಂಪನದ) ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ ಇರುತ್ತದೆ. 'ಸ' ಹಾಗಲ್ಲ. ಅದು ನಾಲ್ಕು ಸಾವಿರ ಹರ್ಟ್ಸಿನಿಂದ ಮೇಲೆ ಇರುವ ಸಣ್ಣ ದನಿ. ಸ್ಪೀಕರಿನ ತಾಳ, ಮಿಕ್ಸಿಯ ಸದ್ದು, ಚಮಚದ ಟಣಟಣ, ಎಲ್ಲದರ ನಡುವೆ ಮೊದಲು ಕಳೆದುಹೋಗುವುದು ಅದೇ. ಉಳಿಯುವುದು 'ಆಕು'. ಅದಕ್ಕೆ ಹುಡುಗ ತನ್ನ ಕೈಯಲ್ಲಿದ್ದ ಜಗ್ಗಿಗೆ ತಕ್ಕ ಅಕ್ಷರ ಸೇರಿಸಿಕೊಂಡ. ಗೆಳತಿ ಕಡಲೆಕಾಯಿ ಬೇಡ, ಅದು ನನಗೆ ಅಲರ್ಜಿ ಅಂತ ಹೇಳುತ್ತಿದ್ದು, ಅದು ಹೀಗೆ ಕೇಳಿಸಿದ್ದರೆ? ಆಗ ನಗುವ ಮಾತಿರುತ್ತಿರಲಿಲ್ಲ.

ವಯಸ್ಸಾದ ಹಾಗೆ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ದನಿಗಳನ್ನು. ಅದಕ್ಕೇ ಐವತ್ತು ದಾಟಿದವರು "ನೀನು ಮಾತಾಡುವುದು ಕೇಳುತ್ತದೆ, ಏನು ಅಂತ ಗೊತ್ತಾಗುವುದಿಲ್ಲ" ಅನ್ನುತ್ತಾರೆ. ನಮ್ಮ ಬ್ಯಾಂಕಿನ ಗೆಳತಿ ಈಗ ಎರಡೂ ಕಿವಿಗೆ ಶ್ರವಣ ಯಂತ್ರ ಹಾಕಿಕೊಳ್ಳುತ್ತಾಳೆ. ಯಂತ್ರ ಹಾಕಿಕೊಂಡ ಮೇಲೆ ಇನ್ನೇನು ತೊಂದರೆ ಅಂತ ಜನ ಕೇಳುತ್ತಾರೆ. ಕನ್ನಡಕದ ಹಾಗೆ ಹಾಕಿದ ಕೂಡಲೇ ಎಲ್ಲ ನಿಚ್ಚಳವಾಗುವ ವಸ್ತುವಲ್ಲ ಅದು. ನನ್ನ ಮಾತನ್ನೂ ದೊಡ್ಡದು ಮಾಡುತ್ತದೆ, ಪಕ್ಕದ ಟೇಬಲ್ಲಿನ ನಗುವನ್ನೂ ದೊಡ್ಡದು ಮಾಡುತ್ತದೆ, ಕಾಫಿ ಬೀಜ ಅರೆಯುವ ಯಂತ್ರವನ್ನಂತೂ ಕೇಳಲೇಬೇಡಿ. ಹಲವು ದನಿಗಳ ನಡುವೆ ಬೇಕಾದ ಒಂದನ್ನು ಹಿಡಿಯುವುದು ಮಿದುಳಿನ ಕೆಲಸ. ಬ್ರಿಟನ್ನಿನ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲೇ ಇದನ್ನು ಪ್ರಯೋಗ ಮಾಡಿ ನೋಡಿದ್ದರು. ಎರಡು ಮಾತುಗಳನ್ನು ಒಟ್ಟಿಗೆ ಕೇಳಿಸಿದಾಗ ಜನ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಹೇಗೆ ಅಂತ. ಕಿವಿ ಸರಿಯಿದ್ದರೆ ಮಿದುಳಿಗೆ ಅದಕ್ಕೆ ಬೇಕಾದ ಸುಳಿವು ಸಿಗುತ್ತದೆ. ಕಿವಿ ಮಂದವಾದವರಿಗೆ ಸುಳಿವೇ ಅರ್ಧ.

ಅವಳು ಈಗ ಏನು ಮಾಡುತ್ತಾಳೆ ಅಂತ ಹೇಳಲಾ? ನಾವು ನಕ್ಕಾಗ ನಗುತ್ತಾಳೆ. ಅರ್ಧ ಸೆಕೆಂಡ್ ತಡವಾಗಿ. ನಮ್ಮ ಮುಖ ನೋಡಿಕೊಂಡು ನಗುತ್ತಾಳೆ. ಕಾಲೇಜಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳು ಅವಳು. ಮೆನು ಬಂದರೆ "ನನಗೂ ಅದೇ" ಅಂತ ಪಕ್ಕದವಳದ್ದರ ಮೇಲೆ ಬೆರಳಿಡುತ್ತಾಳೆ. ಹುಡುಗ ಏನಾದರೂ ತಿರುಗಿ ಕೇಳಿದರೆ ಉತ್ತರ ಕೊಡಬೇಕಾಗುತ್ತದಲ್ಲ, ಅದನ್ನು ತಪ್ಪಿಸಿಕೊಳ್ಳಲು. ಹೋದ ಸಲ "ನೀವು ಹೋಗಿಬನ್ನಿ, ನನಗೆ ತಲೆನೋವು" ಅಂದಳು. ತಲೆನೋವು ಯಾವುದು ಅಂತ ನಮಗೆ ಗೊತ್ತಿತ್ತು.

ಅವಳೊಬ್ಬಳದೇ ಕಥೆಯಾದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕಿವಿಯ ಬಗ್ಗೆಯೇ ಒಂದು ಜಾಗತಿಕ ವರದಿ ತಂದಿತು. ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷವಿದೆ ಅನ್ನುತ್ತದೆ ಅದು. 2050ರ ಹೊತ್ತಿಗೆ ಸುಮಾರು 250 ಕೋಟಿ ಆಗಬಹುದಂತೆ. ಅಂದರೆ ಯಾವ ದೊಡ್ಡ ಟೇಬಲ್ಲಿನಲ್ಲಾದರೂ ಒಬ್ಬರು ಸುಮ್ನೆ ತಲೆಯಾಡಿಸುತ್ತಾ ಕೂತಿರುವ ಸಾಧ್ಯತೆ ಇದ್ದೇ ಇದೆ. ಹೋಟೆಲಿನವರು ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸುತ್ತಾರೆ, ಒಳ್ಳೆಯದು. ಈ ಗಿರಾಕಿಗಳಿಗೂ ಏನಾದರೂ ಮಾಡಬೇಕಲ್ವಾ?

ಕಿವಿ ಚೆನ್ನಾಗಿರುವವರಿಗೂ ಒಂದು ಸುದ್ದಿ ಇದೆ. ಗದ್ದಲ ನಾಲಿಗೆಯನ್ನೂ ಬಿಡುವುದಿಲ್ಲ. ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ ತಿಂಡಿ ತಿನ್ನಿಸಿ ನೋಡಿದರು. ಜೋರು ಶಬ್ದದಲ್ಲಿ ಅದೇ ತಿಂಡಿಯ ಸಿಹಿ, ಉಪ್ಪು ಎರಡೂ ಕಮ್ಮಿ ಅನ್ನಿಸಿತು, ಗರಿಗರಿ ಮಾತ್ರ ಜಾಸ್ತಿ ಅನ್ನಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ವಿಮಾನದೊಳಗಿನ ಸದ್ದನ್ನು, ಸುಮಾರು 85 ಡೆಸಿಬೆಲ್ಲಿನಲ್ಲಿ ಕೇಳಿಸಿ ಪರೀಕ್ಷೆ ಮಾಡಿದರು. ಅಲ್ಲಿಯೂ ಸಿಹಿ ಮಂಕಾಯಿತು. ನಮ್ಮ ಟೇಬಲ್ ಮೇಲೆ ಫೋನ್ ತೋರಿಸಿದ್ದೂ ಹೆಚ್ಚು ಕಮ್ಮಿ ಅಷ್ಟೇ! ಸಿಹಿ ತಿನ್ನಿಸುವುದೇ ವ್ಯಾಪಾರವಾದ ಅಂಗಡಿ, ಸಿಹಿಯನ್ನು ಕಡಿಮೆ ಮಾಡುವ ಸದ್ದನ್ನು ಕರೆಂಟ್ ಖರ್ಚು ಮಾಡಿ ಹಾಕುತ್ತಿದೆ. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಮಾತಾಡುತ್ತಾ ನಿಧಾನಕ್ಕೆ ತಿಂದರೆ ಐಸ್‌ಕ್ರೀಮಿಗೂ ಒಳ್ಳೆಯದು ಅನ್ನುವುದು ನನ್ನ ವಾದ. ತೀರಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಅಷ್ಟಾಗಿ ತಿಳಿಯುವುದಿಲ್ಲ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿ, ಪಾನಕಕ್ಕಿಂತ ಸಿಹಿ. ಅಂಚು ಸ್ವಲ್ಪ ಮೆತ್ತಗಾದಾಗ ತಿನ್ನಬೇಕು. ಅವಸರದಲ್ಲಿ ನುಂಗಿದರೆ ಹಣೆಯಲ್ಲಿ ಸುಳ್ ಅನ್ನುತ್ತದೆ, ಅದು ಬೇರೆ.

ಹಾಗಾದರೆ ಒಡೆಯರು ಯಾಕೆ ಇಷ್ಟು ಜೋರಾಗಿ ಹಾಕುತ್ತಾರೆ? ಕೆಲವರು ಗೊತ್ತಿಲ್ಲದೆ. ಕೆಲವರು ಗೊತ್ತಿದ್ದೇ. ಜೋರು ಹಾಡಿದ್ದರೆ ಗಿರಾಕಿ ಬೇಗ ತಿಂದು ಏಳುತ್ತಾನೆ, ಟೇಬಲ್ ಬೇಗ ಖಾಲಿಯಾಗುತ್ತದೆ ಅನ್ನುವ ಲೆಕ್ಕ. ಈ ಲೆಕ್ಕ ಪೂರಾ ಸುಳ್ಳಲ್ಲ. ಫ್ರಾನ್ಸಿನ ಬಾರ್‌ಗಳಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾಡನ್ನು 72 ಡೆಸಿಬೆಲ್ಲಿನಿಂದ 88ಕ್ಕೆ ಏರಿಸಿದಾಗ ಯುವಕರು ಬಿಯರನ್ನು ಬೇಗ ಬೇಗ ಮುಗಿಸಿ ಇನ್ನೊಂದು ಗ್ಲಾಸ್ ತರಿಸಿದರು. ಸುಮ್ಮನೆ ಕೂತು ಮಾತಾಡಲು ಆಗದಿದ್ದರೆ ಇನ್ನೇನು ಮಾಡುತ್ತಾರೆ, ಕುಡಿಯುತ್ತಾರೆ. ಬಾರಿನ ಲೆಕ್ಕ ಅದು. ಊಟದ ಹೋಟೆಲಿನದು ಬೇರೆ. ರೊನಾಲ್ಡ್ ಮಿಲಿಮನ್ ಎಂಬುವರು 1986ರಲ್ಲಿ ಅಮೆರಿಕದ ಒಂದು ರೆಸ್ಟೋರೆಂಟಿನಲ್ಲಿ ನಿಧಾನದ ಸಂಗೀತ, ವೇಗದ ಸಂಗೀತ ಎರಡನ್ನೂ ಹಾಕಿ ನೋಡಿದ್ದನ್ನು ಪ್ರಕಟಿಸಿದರು. ನಿಧಾನದ ಸಂಗೀತವಿದ್ದಾಗ ಜನ ಸುಮಾರು 56 ನಿಮಿಷ ಕೂತರು, ವೇಗದ್ದಿದ್ದಾಗ 45. ಊಟದ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ, ಪಾನೀಯದ ಬಿಲ್ ಮಾತ್ರ ನಿಧಾನದವರದ್ದೇ ಜಾಸ್ತಿ. ಸ್ನೇಹಿತರ ಗುಂಪಿನ ವಿಷಯ ಕೇಳಿ. ಜಾನ್ ಡಿ ಕ್ಯಾಸ್ಟ್ರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಜನರಿಂದ ಊಟದ ಡೈರಿ ಬರೆಸಿ ಅಧ್ಯಯನ ಮಾಡಿದವರು. ಜೊತೆಗೆ ಜನ ಹೆಚ್ಚಿದ್ದಷ್ಟೂ ಊಟ ದೊಡ್ಡದಾಗುತ್ತದೆ, ಯಾಕೆಂದರೆ ಹೆಚ್ಚು ಹೊತ್ತು ಕೂರುತ್ತಾರೆ ಅನ್ನುವುದು ಅವರು ಕಂಡುಕೊಂಡದ್ದು. ನಮ್ಮನ್ನೇ ನೋಡಿ. ಮಾತು ಚೆನ್ನಾಗಿ ನಡೆಯುತ್ತಿದ್ದರೆ "ಇನ್ನೊಂದು ಕೇಕ್ ತರಿಸೋಣ್ವಾ, ಐದು ಚಮಚ ಹೇಳು" ಅನ್ನುವುದು ಖಾತ್ರಿ. ಗದ್ದಲವಿದ್ದರೆ ಮೊದಲನೆಯದು ಮುಗಿಯುವ ಮೊದಲೇ ಬಿಲ್ ಕೇಳುತ್ತೇವೆ. ಆಮೇಲೆ ಪಾರ್ಕಿಂಗಿನಲ್ಲಿ ಗಾಡಿಗಳ ಪಕ್ಕ ನಿಂತು ಒಂದು ಗಂಟೆ ಮಾತಾಡುತ್ತೇವೆ. ಆ ಒಂದು ಗಂಟೆಯ ಕೇಕಿನ ವ್ಯಾಪಾರ ಯಾರಿಗೆ ನಷ್ಟ?

ಸದ್ದು ಕಮ್ಮಿ ಮಾಡಿ ಅಂತ ನಾವು ಕೇಳದೇ ಇಲ್ಲ. ಒಂದೊಂದು ಕಡೆ ಒಂದೊಂದು ಉತ್ತರ. "ಮೇಡಂ, ಬೇರೆಯವರು ಜೋರು ಮಾಡಿ ಅಂತಾರೆ." ಸುತ್ತ ನೋಡಿದರೆ ಇರುವುದು ನಾವು ಮತ್ತು ಫೋನ್ ನೋಡುತ್ತಿರುವ ಒಬ್ಬರು. "ಹಾಡು ಹೆಡ್ ಆಫೀಸಿನಿಂದಲೇ ಬರುತ್ತದೆ ಮೇಡಂ, ಇಲ್ಲಿ ನಮ್ಮ ಕೈಯಲ್ಲಿಲ್ಲ." ಒಂದು ಕಡೆ ಮಾತ್ರ ಒಬ್ಬ ಹುಡುಗಿ ಕೂಡಲೇ ತಗ್ಗಿಸಿದಳು. ಬಿಲ್ ತಂದಾಗ ಮೆಲ್ಲಗೆ "ಥ್ಯಾಂಕ್ಸ್ ಆಂಟಿ, ನೀವು ಹೇಳಿದ್ದಕ್ಕೆ ನಮಗೂ ಆರಾಮಾಯ್ತು" ಅಂದಳು.

ಅವಳ ಮಾತು ಕೇಳಿ ನನಗೆ ಚುರುಕ್ ಅಂತು. ನಾವು ಒಂದೆರಡು ಗಂಟೆ ಕೂತು ಎದ್ದು ಹೋಗುವವರು. ಅಲ್ಲಿ ಕೆಲಸ ಮಾಡುವವರು ಪಾಳಿ ಪೂರ್ತಿ ಅದರಲ್ಲೇ ಇರುತ್ತಾರೆ. ನಾನು ಮೇಲೆ ಹೇಳಿದ ನಿಯಾಶ್ ಸಂಸ್ಥೆ ಕೆಲಸದ ಜಾಗಕ್ಕೆ ಒಂದು ಮಿತಿ ಹಾಕಿದೆ. 85 ಡೆಸಿಬೆಲ್ ಇದ್ದರೆ ದಿನಕ್ಕೆ ಎಂಟು ಗಂಟೆ. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಕಾರ್ಖಾನೆಯಲ್ಲಿ ಇಷ್ಟು ಸದ್ದಿದ್ದರೆ ಕಿವಿಗೆ ಮುಚ್ಚಳ ಕೊಡುತ್ತಾರೆ. ಟ್ರೇ ಹಿಡಿದು ಓಡಾಡುವ ಹುಡುಗ ಹುಡುಗಿಯರು ಕಿವಿ ಮುಚ್ಚಿಕೊಳ್ಳುವ ಹಾಗೂ ಇಲ್ಲ, ಆರ್ಡರ್ ಕೇಳಬೇಕು. ಆ ಮಕ್ಕಳು ನನ್ನ ಕ್ಲಾಸಿನಿಂದ ಹೋದವರೇ ಇರಬಹುದು. ಇಪ್ಪತ್ತೆರಡಕ್ಕೆ ಕಳೆದುಕೊಂಡ ಕಿವಿ ನಲವತ್ತಕ್ಕೆ ವಾಪಸ್ ಬರುವುದಿಲ್ಲ. ಒಳಕಿವಿಯ ಆ ಸಣ್ಣ ಕೂದಲ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಮಾತು ಅಂದಳು. "ಮಿಸ್, ಪೂರ್ತಿ ಸೈಲೆಂಟ್ ಇದ್ದರೆ ನಮ್ಮ ಮಾತು ಪಕ್ಕದ ಟೇಬಲ್ಲಿಗೆ ಕೇಳಿಬಿಡುತ್ತದೆ. ಆಗ ಇನ್ನೂ ಕಷ್ಟ." ಸರಿಯಾಗಿಯೇ ಹೇಳಿದಳು. ಖಾಲಿ ಹೋಟೆಲಿನ ನಿಶ್ಶಬ್ದದಲ್ಲಿ ಚಮಚ ಇಟ್ಟ ಸದ್ದಿಗೂ ಎಲ್ಲರೂ ತಿರುಗಿ ನೋಡುತ್ತಾರೆ. ಸ್ವಲ್ಪ ಗುಜುಗುಜು ಬೇಕು. ಲೈಬ್ರರಿ ಮಾಡಿ ಅಂತ ನಾನು ಕೇಳುತ್ತಿಲ್ಲ. ಹುಟ್ಟುಹಬ್ಬಕ್ಕೆ ಕುಣಿಯಬೇಕು ಅನ್ನುವವರಿಗೆ ಜೋರು ಜಾಗಗಳೂ ಇರಲಿ. ಯಾವುದು ಯಾವ ಥರದ್ದು ಅಂತ ಹೋಗುವ ಮೊದಲೇ ಗೊತ್ತಾಗಲಿ, ಅಷ್ಟೇ.

ಸದ್ಯಕ್ಕೆ ನಾವು ನಮ್ಮದೇ ಉಪಾಯ ಮಾಡಿಕೊಂಡಿದ್ದೇವೆ. ಜನ ತುಂಬುವ ಹೊತ್ತಿಗೆ ಮುಂಚೆ ಹೋಗುತ್ತೇವೆ. ಉದ್ದ ಟೇಬಲ್ ಬೇಡ, ದುಂಡು ಟೇಬಲ್ ಕೇಳುತ್ತೇವೆ. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗ ಮಾತಿನ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಉದ್ದ ಟೇಬಲ್ಲಿನ ಈ ತುದಿಯವರಿಗೆ ಆ ತುದಿಯ ಮಾತು ಕೇಳದಿರುವುದು ಅದಕ್ಕೇ. ಬ್ಯಾಂಕಿನ ಗೆಳತಿಯನ್ನು ಗದ್ದಲಕ್ಕೆ ಬೆನ್ನು ಮಾಡಿ ಕೂರಿಸುತ್ತೇವೆ. ಈಗಿನ ಹಲವು ಶ್ರವಣ ಯಂತ್ರಗಳ ಮೈಕು ಎದುರಿನ ಮಾತನ್ನೇ ಹೆಚ್ಚು ಹಿಡಿಯುತ್ತದೆ. ಬೆಳಕು ನಮ್ಮ ಮುಖದ ಮೇಲೆ ಬೀಳಬೇಕು, ತುಟಿ ಕಾಣಬೇಕು. ಮಂದ ದೀಪದ ಚೆಂದಕ್ಕೆ ನನ್ನದೇನೂ ತಕರಾರಿಲ್ಲ, ಆದರೆ ಅವಳು ಅರ್ಧ ಮಾತನ್ನು ಕಣ್ಣಿನಲ್ಲೇ ಕೇಳುವವಳು.

ಈಗ ನಿಮ್ಮಿಂದ ಏನು ಬೇಕು ಅಂತ ಹೇಳಿಬಿಡುತ್ತೇನೆ. ನಿಮ್ಮ ವಿಮರ್ಶೆಯ ಕೊನೆಗೆ ಒಂದು ಸಾಲು ಸೇರಿಸಿ. ಇದೇನೂ ಹೊಸದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆ ತನ್ನ ರೆಸ್ಟೋರೆಂಟ್ ವಿಮರ್ಶೆಗಳಲ್ಲಿ ರುಚಿಗೆ ನಕ್ಷತ್ರ ಕೊಟ್ಟ ಹಾಗೆ ಗದ್ದಲಕ್ಕೆ ಬಾರಿಸುವ ಗಂಟೆಯ ಚಿತ್ರ ಹಾಕುತ್ತಿತ್ತು. 65 ಡೆಸಿಬೆಲ್ಲಿಗಿಂತ ಕಮ್ಮಿಯಿದ್ದರೆ ಒಂದು ಗಂಟೆ. ದನಿ ಏರಿಸದೆ ಮಾತೇ ಆಗದ ಕಡೆಗೆ ನಾಲ್ಕು ಗಂಟೆ. 80 ದಾಟಿದರೆ ಬಾಂಬಿನ ಚಿತ್ರ! ನೀವು ಬಾಂಬ್ ಹಾಕಬೇಕಿಲ್ಲ. ಅಂಕಿ ಹಾಕಿದರೆ ಸಾಕು.

ಅಳೆಯುವುದು ಕಷ್ಟವಿಲ್ಲ. ಫೋನನ್ನು ಟೇಬಲ್ಲಿನ ಎತ್ತರದಲ್ಲಿ ಹಿಡಿಯಬೇಕು, ಮೈಕಿನ ತೂತಿಗೆ ಬೆರಳು ಅಡ್ಡ ಬರಬಾರದು. ಸ್ಪೀಕರಿನ ಕೆಳಗೂ ಬೇಡ, ತೀರಾ ಮೂಲೆಯೂ ಬೇಡ. ಆ್ಯಪಿನಲ್ಲಿ 'ಎ' ಅಳತೆ ಆರಿಸಿಕೊಳ್ಳಬೇಕು, ಮನುಷ್ಯರ ಕಿವಿಗೆ ಹೊಂದುವುದು ಅದು. ಒಂದು ಕ್ಷಣದ ಅಂಕಿ ಬರೆಯಬೇಡಿ, ಐದು ನಿಮಿಷದ ಸರಾಸರಿ ಬರೆಯಿರಿ. ಯಾವ ವಾರ, ಎಷ್ಟು ಗಂಟೆಗೆ ಅಂತಲೂ ಹಾಕಿ, ಯಾಕೆಂದರೆ ಮಂಗಳವಾರ ಮಧ್ಯಾಹ್ನದ ಅಂಕಿ ಶನಿವಾರ ಸಂಜೆಗೆ ಉಪಯೋಗಕ್ಕೆ ಬರುವುದಿಲ್ಲ. ಅಳೆಯುವಾಗ ನಿಮ್ಮ ವರದಿಗಾರರು ಮಾತ್ರ ಬಾಯಿ ಮುಚ್ಚಿಕೊಂಡಿರಲಿ.

ನಿಮ್ಮಲ್ಲಿ ಇದಕ್ಕೆ ಜನ ಸಾಲದಿದ್ದರೆ ನಾವು ಐವರಿದ್ದೇವೆ. ಬಿಲ್ ನಾವೇ ಕೊಟ್ಟುಕೊಳ್ಳುತ್ತೇವೆ.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ